ಸದ್ದಿಲ್ಲದ ಬೈಂಡರ್

ಅಡುಗೆಮನೆಯಲ್ಲಿ ಫೋನು ಹಾಡುತ್ತಿರುತ್ತದೆ. ಹಾಡಿಸುವ ಆ್ಯಪ್ ಮಾತ್ರ ಪರದೆಯ ಮೇಲೆಲ್ಲೂ ಇಲ್ಲ. ಹಿಟ್ಟು ಮೆತ್ತಿದ ಬೆರಳಿನಿಂದ ನೋಟಿಫಿಕೇಶನ್‌ನಲ್ಲಿರುವ ಪಾಸ್ ಗುಂಡಿ ಒತ್ತಿದರೆ ಹಾಡು ಥಟ್ಟನೆ ನಿಲ್ಲುತ್ತದೆ. ಒತ್ತಿದ್ದು ಒಂದು ಪ್ರಾಸೆಸ್‌ನಲ್ಲಿ, ಹಾಡುತ್ತಿದ್ದ ಸರ್ವಿಸ್ ಇನ್ನೊಂದರಲ್ಲಿ. ಆಂಡ್ರಾಯ್ಡ್‌ನಲ್ಲಿ ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ನಡುವೆ ಸುದ್ದಿ ಒಯ್ಯುವುದು ಬೈಂಡರ್.

ಇದರ ಬೇರು ಬಿ ಇಂಕ್ ಕಂಪನಿಯಲ್ಲಿದೆ. ಪಾಮ್‌ನವರ ಕೈಯಲ್ಲಿ ಓಪನ್‌ಬೈಂಡರ್ ಆಗಿ, ಆಮೇಲೆ ಆಂಡ್ರಾಯ್ಡ್‌ಗೆ ಬಂತು. ನನಗೆ ಇಷ್ಟವಾಗುವುದು ಅದರ ಮಿತವ್ಯಯ. ಆಂಡ್ರಾಯ್ಡ್‌ನ ತಿರುಳಾದ ಕರ್ನಲ್ ಸಂದೇಶವನ್ನು ಒಂದೇ ಸಲ ನಕಲು ಮಾಡಿ ಪಡೆಯುವವರ ಜಾಗಕ್ಕೇ ಇಳಿಸಿಬಿಡುತ್ತದೆ. ಕರೆದವರು ಯಾರೆಂಬ ಗುರುತನ್ನೂ ಅದೇ ಅಂಟಿಸುವುದರಿಂದ ಸುಳ್ಳು ಹೆಸರು ಹೇಳಿ ನುಸುಳಲಾಗದು. ಇಂಥ ಸಂದೇಶಗಳಿಗೆಂದು ಒಂದು ಪ್ರಾಸೆಸ್‌ಗೆ ಸಿಗುವ ಜಾಗ ಸುಮಾರು 1 ಎಂಬಿ ಅಷ್ಟೆ. ಒಮ್ಮೆ ದೊಡ್ಡ ಫೋಟೊ ತುರುಕಲು ಹೋಗಿ ಆ್ಯಪ್ ಕುಸಿದಾಗ ಬೈಂಡರನ್ನೇ ಬೈದಿದ್ದೆ. ಅಂಚೆಯಣ್ಣನ ಚೀಲಕ್ಕೆ ಬೀರು ತುಂಬಿದವನು ನಾನೇ!

ಆಚೆ ಕಡೆಯ ಸರ್ವಿಸ್ ಸತ್ತರೆ, ಮೊದಲೇ ಕೇಳಿಕೊಂಡವರಿಗೆ ಬೈಂಡರ್ ಸಾವಿನ ಸುದ್ದಿಯನ್ನೂ ಮುಟ್ಟಿಸುತ್ತದೆ. ಕೋಡ್‌ನಲ್ಲಿ ಆ ಏರ್ಪಾಟಿನ ಹೆಸರು ‘ಲಿಂಕ್ ಟು ಡೆತ್’. ಎಂಜಿನಿಯರುಗಳಿಗೆ ಹೆಸರಿಡಲು ಬಿಟ್ಟರೆ ಹೀಗೇ.