ಮೇಲೆ ಕೆಳಗೆ ಕಪ್ಪು ಪಟ್ಟಿ

ಗುರುದತ್ತರ ‘ಕಾಗಜ್ ಕೆ ಫೂಲ್’ ನಾನು ಮೊದಲು ನೋಡಿದ್ದು ಡೊಂಬಿವಲಿಯ ನಮ್ಮ ಚಾಳಿನ ಖೋಲಿಯಲ್ಲಿ, ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಗೀತಾ ದತ್ ದನಿಯ ಆ ಪ್ರಸಿದ್ಧ ಹಾಡು ಬಂದಾಗ ಪರದೆಯ ಮೇಲೆ ಒಮ್ಮೆ ವಹೀದಾ ರೆಹಮಾನ್, ಒಮ್ಮೆ ಗುರುದತ್. ಇಬ್ಬರನ್ನೂ ಒಟ್ಟಿಗೆ ಕಂಡ ನೆನಪಿಲ್ಲ. ಎಷ್ಟೋ ವರ್ಷಗಳ ಮೇಲೆ ಡಿವಿಡಿಯಲ್ಲಿ ಅದೇ ಹಾಡು ನೋಡಿದೆ. ಖಾಲಿ ಸ್ಟುಡಿಯೊ, ಮೇಲಿನಿಂದ ಓರೆಯಾಗಿ ಇಳಿದ ಬೆಳಕಿನ ಕೋಲು, ಈ ಬದಿಗೊಬ್ಬರು, ಆ ಬದಿಗೊಬ್ಬರು. ದೇಹಗಳು ನಿಂತಲ್ಲೇ ನಿಂತಿರುತ್ತವೆ. ನೆರಳಿನಂಥ ಎರಡು ರೂಪಗಳು ಅವುಗಳಿಂದ ಹೊರಬಂದು ನಡುವೆ ಸೇರುತ್ತವೆ. ಅವರಿಬ್ಬರ ನಡುವಿನ ಆ ದೂರವೇ ಹಾಡಿನ ಜೀವ. ಕ್ಯಾಸೆಟ್ಟಿನಲ್ಲಿ ಕತ್ತರಿಸಿ ಎಸೆದದ್ದು ಅದನ್ನೇ.

1959ರ ಈ ಚಿತ್ರ ಭಾರತದ ಮೊದಲ ಸಿನೆಮಾಸ್ಕೋಪ್. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ; ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೈಸೂರಿನವರು. ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಆ ಬೆಳಕಿನ ಕೋಲನ್ನು ಸ್ಟುಡಿಯೊದೊಳಗೆ ಇಳಿಸಿದವರು ಮೂರ್ತಿಯವರೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರು ಈ ಚಿತ್ರದಲ್ಲಿ ಮಾಡಿದ ಕೆಲಸದ ಹೆಚ್ಚುಕಡಿಮೆ ಅರ್ಧಭಾಗ ನಮ್ಮ ಮನೆಗಳಿಗೆ ಬರಲೇ ಇಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ. ಲೆಕ್ಕ ಸರಳ. ಸ್ಕೋಪ್ ಚಿತ್ರದ ಅಗಲ ಅದರ ಎತ್ತರದ 2.35 ಪಟ್ಟು, ಹಳೆಯ ಡಬ್ಬಾ ಟಿವಿಯದು 1.33 ಪಟ್ಟು. ಪರದೆ ತುಂಬಾ ಚಿತ್ರ ಬರಬೇಕಾದರೆ ನೂರರಲ್ಲಿ 43 ಪಾಲು ಕತ್ತರಿಸಲೇಬೇಕು.

ಕತ್ತರಿಸಬಾರದೆಂದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು. ಅದನ್ನು ಕಂಡರೆ ಅಪ್ಪನಿಗೆ ಸಿಟ್ಟು. ‘ಬಾಡಿಗೆ ಪೂರ್ತಿ ತಗೊಂಡು ಅರ್ಧ ಪರದೆ ತೋರಿಸ್ತಾರಲ್ಲ!’ ಆ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. 21 ಇಂಚಿನ ಟಿವಿಯಲ್ಲಿ ಪಟ್ಟಿ ಬಿಟ್ಟರೆ ಚಿತ್ರ ಏಳಿಂಚು ಎತ್ತರ ಉಳಿಯುತ್ತಿತ್ತು, ಅಷ್ಟೇ. ಮಂಚದ ಮೇಲೆ ಕೂತ ಅಜ್ಜಿಗೆ ಮುಖಗಳೇ ಕಾಣುತ್ತಿರಲಿಲ್ಲ. ಆದರೂ ಆ ಕಪ್ಪು ಪಟ್ಟಿ ಏನನ್ನೂ ಮುಚ್ಚಿರಲಿಲ್ಲ. ಅಲ್ಲಿ ಚಿತ್ರವೇ ಇರಲಿಲ್ಲ. ಮೋಸ ನಡೆದದ್ದು ತುಂಬಿದ ಪರದೆಯಲ್ಲಿ.

ಕನ್ನಡದ ಮೊದಲ ಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಆಮೇಲಿನ ನಮ್ಮ ಸ್ಕೋಪ್ ಚಿತ್ರಗಳ ವಿಸಿಡಿಗಳನ್ನು ಊರಿಗೆ ಹೋದಾಗಲೆಲ್ಲ ಚೀಲ ತುಂಬಿಸಿ ತರುತ್ತಿದ್ದೆವು. ಕೆಲವದರಲ್ಲಿ ಹೆಸರುಗಳು ಮುಗಿಯುವವರೆಗೆ ಚಿತ್ರವನ್ನು ಅಗಲದಲ್ಲಿ ಹಿಂಡಿ ಕೂರಿಸಿರುತ್ತಿದ್ದರು, ಎಲ್ಲರೂ ಕಡ್ಡಿಯಂತೆ ಸಪೂರ. ಹೆಸರು ಮುಗಿದದ್ದೇ ಎರಡೂ ಬದಿ ಮಾಯ. ಸಂಭಾಷಣೆ ನಡೆಯುತ್ತಿದೆ, ಪರದೆಯಲ್ಲಿರುವುದು ಒಂದು ಮೂಗು, ನಡುವೆ ಹೂದಾನಿ.

ಡಿವಿಡಿ ಈ ಕಾಟಕ್ಕೆ ಮದ್ದು ತಂದಿತ್ತು. ಸ್ಕೋಪ್ ಕ್ಯಾಮೆರಾದ ಮಸೂರ ಅಗಲವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗೆ ಇಳಿಸುತ್ತಿತ್ತು, ಥಿಯೇಟರಿನ ಮಸೂರ ಬಿಡಿಸುತ್ತಿತ್ತು. ಡಿವಿಡಿಯಲ್ಲೂ ಹೆಚ್ಚುಕಡಿಮೆ ಅದೇ ಉಪಾಯ: ಅಗಲ ಚಿತ್ರವನ್ನು ಹಿಂಡಿಯೇ ತುಂಬುತ್ತಾರೆ, ಪ್ಲೇಯರೋ ಟಿವಿಯೋ ಬಿಡಿಸಬೇಕು. ಅದಕ್ಕೆ ಸೆಟಪ್ಪಿನಲ್ಲಿ ಟಿವಿ 4:3ರದೋ 16:9ರದೋ ಎಂದು ಒಮ್ಮೆ ಹೇಳಿದರೆ ಸಾಕಿತ್ತು. ನಾವು ಪ್ಲೇಯರು ಕೊಂಡ ಅಂಗಡಿಯಲ್ಲಿ ಆ ಮಾತನ್ನೇ ಯಾರೂ ಎತ್ತಲಿಲ್ಲ. ಎರಡು ವರ್ಷ ನಮ್ಮ ಮನೆಯಲ್ಲಿ ಎಲ್ಲ ನಾಯಕರೂ ಉದ್ದುದ್ದ.

ಈಗ ಟಿವಿಯೇ ಅಗಲವಾಗಿದೆ, ಅನ್ಯಾಯ ತಿರುವುಮುರುವಾಗಿದೆ. 1965ರ ‘ಸತ್ಯ ಹರಿಶ್ಚಂದ್ರ’ದಂಥ ಹಳೆಯ ಚಿತ್ರಗಳನ್ನು 16:9ಕ್ಕೆ ಎಳೆದರೆ ಮುಖಗಳು ಮೂರನೇ ಒಂದರಷ್ಟು ಅಗಲವಾಗುತ್ತವೆ, ಝೂಮ್ ಮಾಡಿದರೆ ಎತ್ತರದ ಕಾಲುಭಾಗ ಹೋಗಿ ಕಿರೀಟ ಕತ್ತರಿಸುತ್ತದೆ. ಇದನ್ನು ನಾನು ಸಣ್ಣ ತಪ್ಪೆನ್ನಲಾರೆ. ರಾಜ್‌ಕುಮಾರ್ ಮುಖದ ಅಳತೆ ಕೆಡಿಸುವ ಹಕ್ಕು ರಿಮೋಟಿಗೆ ಯಾರು ಕೊಟ್ಟರು?

ಮೊನ್ನೆ ಅಮ್ಮ ಹಾಗೆಯೇ ಹಿಗ್ಗಿದ ಹರಿಶ್ಚಂದ್ರನನ್ನು ನೋಡುತ್ತಿದ್ದಳು. ರಿಮೋಟು ಇಸಿದುಕೊಂಡು, ಪಿಕ್ಚರ್ ಸೈಜ್ ಎಂಬಲ್ಲಿ 4:3 ಒತ್ತಿದೆ. ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂದವು, ಮುಖ ತನ್ನ ಅಳತೆಗೆ ಇಳಿಯಿತು. ‘ಪರದೆ ಯಾಕೋ ಸಣ್ಣದಾಯ್ತು’ ಎಂದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಕುರ್ಚಿಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡಳು.