4.3 ಅಂದರೆ ನಾಲ್ಕೂವರೆ

ಶಾಲೆಯ ಲೆಕ್ಕದ ಪುಸ್ತಕಗಳಿಗೂ ಕ್ರಿಕೆಟ್ಟಿನ ಗೀಳು ಹತ್ತಿದೆ. ಒಬ್ಬ ಬ್ಯಾಟ್ಸ್‌ಮನ್ 6 ಬೌಂಡರಿ, 3 ಸಿಕ್ಸರ್ ಹೊಡೆದರೆ ಒಟ್ಟು ರನ್ ಎಷ್ಟು? ಬೌಂಡರಿಯ ಜಾಗದಲ್ಲಿ ನಾಲ್ಕು ರೂಪಾಯಿಯ ಪೆನ್ಸಿಲ್ ಇಟ್ಟರೂ ಉತ್ತರ ಅದೇ. ಆಟಕ್ಕೆ ಇಲ್ಲಿ ಕೆಲಸವೇ ಇಲ್ಲ, ಮಕ್ಕಳಿಗೆ ಅದು ಒಂದೇ ಓದಿಗೆ ಗೊತ್ತಾಗಿಬಿಡುತ್ತದೆ.

ಆಟದ ಒಳಗಿಂದಲೇ ಏಳುವ ಲೆಕ್ಕದ ರುಚಿ ಬೇರೆ. ಅದಕ್ಕೆ ಸ್ಕೋರ್ ಪುಸ್ತಕ ಬಿಚ್ಚಬೇಕು. ದಶಮಾಂಶ ಈಗಷ್ಟೇ ಕಲಿತ ಹುಡುಗಿಗೆ ಒಬ್ಬ ಬೌಲರ್‌ನ ಲೆಕ್ಕ ಕೊಡಿ: ಮೊದಲ ಇನಿಂಗ್ಸ್‌ನಲ್ಲಿ 4.3 ಓವರ್, ಎರಡನೆಯದರಲ್ಲಿ 3.4. ಅವಳು ಕೂಡಿಸಿ 7.7 ಅನ್ನುತ್ತಾಳೆ. ಬೀದಿ ಪಂದ್ಯಕ್ಕೆ ಸ್ಕೋರ್ ಬರೆದು ಪಳಗಿದ ತಮ್ಮನಿದ್ದರೆ 8.1 ಅಂದಾನು. ಜಗಳ ಹತ್ತಲಿ, ಬಿಡಿಸಲು ಹೋಗಬೇಡಿ. 27 ಚೆಂಡಿಗೆ 22 ಕೂಡಿಸಿದರೆ 49, ಅಂದರೆ ಎಂಟು ಓವರ್ ಮೇಲೊಂದು ಚೆಂಡು ಎಂಬಲ್ಲಿಗೆ ಅವರೇ ಬರುತ್ತಾರೆ. ಆ ಚುಕ್ಕಿ ದಶಮಾಂಶದ್ದಲ್ಲ. ಅದರ ಬಲಕ್ಕೆ 5ಕ್ಕಿಂತ ದೊಡ್ಡ ಅಂಕಿಗೆ ಜಾಗವಿಲ್ಲ. ಆರಾದ ಕೂಡಲೇ ಎಡಕ್ಕೆ ಒಂದು ದಾಟುತ್ತದೆ. ಹಾಗಾಗಿ 4.3 ಅಂದರೆ ನಾಲ್ಕೂವರೆ. 36 ರನ್ ಹೋಗಿದ್ದರೆ ಓವರಿಗೆ ಸರಿಯಾಗಿ 8. ಕ್ಯಾಲ್ಕುಲೇಟರ್ ನಂಬಿ 4.3ರಿಂದ ಭಾಗಿಸಿದವನು 8.37 ಎಂದು ಬರೆದು ಬೌಲರ್‌ಗೆ ಅನ್ಯಾಯ ಮಾಡುತ್ತಾನೆ. ಆಸ್ಟ್ರೇಲಿಯಾದಲ್ಲಿ 1979ರ ತನಕ ಓವರಿಗೆ ಎಂಟು ಚೆಂಡು ಇದ್ದವು. ಅಲ್ಲಿನ ಹಳೆಯ ಸ್ಕೋರ್‌ಕಾರ್ಡಿನ 4.3 ಎಷ್ಟು ಚೆಂಡು ಎಂದು ಕೇಳಿ ನೋಡಿ. ಸಂಖ್ಯೆಯ ಆಧಾರ ಬದಲಾಗುವುದು ಎಂದರೇನು ಎಂಬುದನ್ನು ಇನ್ನು ಹೇಳಿಕೊಡಬೇಕಾಗಿಲ್ಲ.

ಸರಾಸರಿಗೆ ಬ್ರಾಡ್ಮನ್ ಬೇಕೇ ಬೇಕು. 80 ಟೆಸ್ಟ್ ಇನಿಂಗ್ಸ್, 6996 ರನ್. 80ರಿಂದ ಭಾಗಿಸಿದರೆ 87.45. ಲೋಕಕ್ಕೆಲ್ಲ ಗೊತ್ತಿರುವ 99.94 ಎಲ್ಲಿಂದ ಬಂತು? ಹತ್ತು ಸಲ ಆತ ಔಟಾಗದೆ ಉಳಿದಿದ್ದ, ಭಾಜಕ 70. ಇದು ನ್ಯಾಯವೇ ಎಂದು ಮಕ್ಕಳು ಕೇಳದಿದ್ದರೆ ನೀವೇ ಕೇಳಿ. 1948ರ ಆಗಸ್ಟ್ 14ರಂದು ಓವಲ್‌ನಲ್ಲಿ, ಕೊನೆಯ ಇನಿಂಗ್ಸ್‌ನಲ್ಲಿ, ಎರಿಕ್ ಹೋಲಿಸ್ ಆತನನ್ನು ಸೊನ್ನೆಗೆ ಬೌಲ್ಡ್ ಮಾಡಿದ. ನಾಲ್ಕು ರನ್ ಸಿಕ್ಕಿದ್ದರೆ ನೂರು ತುಂಬುತ್ತಿತ್ತು ಎಂದು ಎಲ್ಲರೂ ಹಲುಬುತ್ತಾರೆ. ಆದರೆ ಅವತ್ತು ಒಂದೂ ರನ್ ಹೊಡೆಯದೆ, ಔಟೂ ಆಗದೆ ನಿಂತಿದ್ದರೆ? 6996ನ್ನು 69ರಿಂದ ಭಾಗಿಸಿ: 101.39! ಅಂಶಕ್ಕಿಂತ ಛೇದ ಹೆಚ್ಚು ಆಟವಾಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗಂತೂ ಗೊತ್ತಿಲ್ಲ.

ಹೈಸ್ಕೂಲಿನವರಿಗಾದರೆ 1992ರ ವಿಶ್ವಕಪ್ ಸೆಮಿಫೈನಲ್. ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ 13 ಚೆಂಡಿನಲ್ಲಿ 22 ರನ್ ಬೇಕಿತ್ತು. ಮಳೆ ಬಂತು. ಮಳೆ ನಿಂತು ಲೆಕ್ಕ ಹಾಕಿದಾಗ ಒಂದು ಚೆಂಡಿನಲ್ಲಿ 21! ಎರಡು ಓವರ್ ಹೋದವು, ಗುರಿಯಿಂದ ಇಳಿದದ್ದು ಒಂದೇ ರನ್. ಎಷ್ಟು ಓವರ್ ನಷ್ಟವೋ, ಮೊದಲು ಆಡಿದವರು ಅತಿ ಕಡಿಮೆ ರನ್ ಗಳಿಸಿದ ಅಷ್ಟು ಓವರ್‌ಗಳ ರನ್ ಮಾತ್ರ ಕಳೆಯಬೇಕು ಎಂಬುದು ಅಂದಿನ ನಿಯಮ. ದಕ್ಷಿಣ ಆಫ್ರಿಕಾ ಬಿಗಿಯಾಗಿ ಎಸೆದ ಓವರ್‌ಗಳೇ ಅದಕ್ಕೆ ಮುಳುವಾದವು. ಇದಕ್ಕಿಂತ ಒಳ್ಳೆಯ ನಿಯಮ ಮಾಡಿ ಎಂದು ತರಗತಿಗೆ ಬಿಟ್ಟುಬಿಡಿ. ಓವರಿಗಿಷ್ಟು ಎಂದು ಸಮನಾಗಿ ಕಳೆಯೋಣ ಎಂದು ಒಬ್ಬ ಅಂದರೆ, ಒಂಬತ್ತು ವಿಕೆಟ್ ಹೋದವರಿಗೂ ಒಂದೂ ಹೋಗದವರಿಗೂ ಒಂದೇ ಗುರಿಯಾ ಎಂದು ಇನ್ನೊಬ್ಬಳು ತಡೆಯುತ್ತಾಳೆ. ಉಳಿದ ಓವರ್, ಉಳಿದ ವಿಕೆಟ್ ಎರಡನ್ನೂ ಬಂಡವಾಳವಾಗಿ ಎಣಿಸಿದ ಡಕ್ವರ್ತ್, ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರ ಪದ್ಧತಿ 1997ರ ಜನವರಿ 1ರಂದು ಮೊದಲ ಸಲ ಬಳಕೆಗೆ ಬಂತು. ಆ ಇಬ್ಬರ ಹೆಸರು ಹೇಳಬೇಕಾದದ್ದು ಈ ಜಗಳ ಮುಗಿದ ಮೇಲೆ.

ವಿಜ್ಞಾನದ ಮಾತು ಚಿಕ್ಕದು. ಪ್ರಸನ್ನ, ಶ್ರೀನಾಥ್, ಕುಂಬ್ಳೆ ಮೂವರೂ ಎಂಜಿನಿಯರಿಂಗ್ ಓದಿದವರು ಎಂದು ನಮ್ಮ ಕಡೆ ಹೆಮ್ಮೆ. ಇರಲಿ, ಚಂದ್ರಶೇಖರ್ 242 ವಿಕೆಟ್ ತೆಗೆದದ್ದು ಸೂತ್ರ ಬಿಡಿಸಿಯಲ್ಲ. ಮಕ್ಕಳಿಗೆ ಟೆನಿಸ್ ಚೆಂಡು ಸಾಕು. ಅರ್ಧಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ, ಎತ್ತ ಹೊರಳುತ್ತದೆ ಎಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟು ಎಸೆಯಲಿ. ಒಂದು ಎಸೆತ ನೋಡಿ ತೀರ್ಮಾನಿಸುವುದು ಬೇಡ, ಇಪ್ಪತ್ತಾದರೂ ಆಗಲಿ. ಗಾಳಿ ಬೀಸುವ ದಿನ ಒಮ್ಮೆ, ಬೀಸದ ದಿನ ಒಮ್ಮೆ.

ಒಂದೇ ಷರತ್ತು. ಪಾಠ ಮುಗಿದಿಲ್ಲವೆಂದು ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎತ್ತಿಕೊಂಡು ಹೋಗುವುದು ಹಳೆಯ ಚಾಳಿ. ಈಗ ಅದಕ್ಕೆ ‘ಆಟದ ಮೂಲಕ ಕಲಿಕೆ’ ಎಂಬ ನೆಪವೂ ಸಿಕ್ಕೀತು. ಮಕ್ಕಳು ಆಡುತ್ತಿರುವಾಗ ಆಡಲಿ. ಈ ಲೆಕ್ಕವೆಲ್ಲ ಗಣಿತದ ಪೀರಿಯಡ್ಡಿನಲ್ಲೇ ನಡೆಯಬೇಕು, ಸ್ಕೋರ್ ಪುಸ್ತಕವನ್ನು ಮೇಷ್ಟ್ರೇ ಒಳಗೆ ತರಬೇಕು.