ಸೌದೆ ತೋಪಿಗೆ ಬೀಜವೇ ಸಾಕು

ಮುಂಗಾರು ಹತ್ತಿರವಾಗುತ್ತಿದ್ದಂತೆ ಓದುಗರ ಪತ್ರಗಳಲ್ಲಿ ಒಂದೇ ಪ್ರಶ್ನೆ: ಸೌದೆ ತೋಪು ಹಾಕಬೇಕು, ಸಸಿ ಎಲ್ಲಿ ಸಿಗುತ್ತದೆ? ಅಡುಗೆಮನೆಗೆ ಗ್ಯಾಸ್ ಬಂದರೂ ಬಯಲುಸೀಮೆಯ ಎಷ್ಟೋ ಮನೆಗಳ ಬಚ್ಚಲ ಹಂಡೆಗೆ ಇಂದಿಗೂ ಸೌದೆಯೇ ಬೇಕು. ಆ ಸೌದೆ ನಮ್ಮ ಹೊಲದಲ್ಲೇ ಬೆಳೆಯಬೇಕೆಂಬುದು ಈ ಅಂಕಣದ ಹಳೆಯ ಹಟ. ಐದು ಗುಂಟೆಯ ತೋಪಿನ ಲೆಕ್ಕ ಇಷ್ಟೇ: ಆರಡಿಗೊಂದರಂತೆ ಗುಂಟೆಗೆ 30 ಗಿಡ, ಮರ ಬಲಿತ ಮೇಲೆ ವರ್ಷಕ್ಕೊಂದು ಗುಂಟೆಯ ಕಡಿತ, ಕಡಿದ ಬೊಡ್ಡೆಯಲ್ಲಿ ಕೂಳೆ ಚಿಗುರು. ಮಳೆ ಕಾಯುವುದಿಲ್ಲ. ಸಸಿ ಹುಡುಕಬೇಡಿ, ಬೀಜ ಹುಡುಕಿ.

ನರ್ಸರಿಯಲ್ಲಿ ಬಹಳ ದಿನ ಉಳಿದ ಹೊಂಗೆ ಸಸಿಯೊಂದರ ಪಾಲಿಥಿನ್ ಚೀಲ ಹರಿದು, ಬೇರಿನ ಮಣ್ಣು ತೊಳೆದು ನೋಡಿ. ತಾಯಿಬೇರು ಚೀಲದ ತಳ ಮುಟ್ಟಿ, ಮುಂದೆ ದಾರಿಯಿಲ್ಲದೆ ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಹಾಗೆ ಸುತ್ತಿದ ಬೇರು ಗುಂಡಿಗೆ ಇಳಿಸಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ. ಮೇಲೆ ನಾಲ್ಕು ಅಡಿ ಹಸಿರು ಕಂಡು ಖುಷಿಪಟ್ಟವರು ಮೊದಲ ಬೇಸಿಗೆಯಲ್ಲಿ ಬಿಂದಿಗೆ ಹೊರುತ್ತಾರೆ. ನೆಲದಲ್ಲೇ ಮೊಳೆತ ಹೊಂಗೆಯ ದಾರಿ ಬೇರೆ. ಮೇಲೆ ಗೇಣುದ್ದವಿದ್ದಾಗಲೇ ಅದರ ಬೇರು ಕೆಳಗಿನ ತೇವ ಹುಡುಕಿ ಹೊರಟಿರುತ್ತದೆ. ಬಾವಿಯಿಲ್ಲದ ಹೊಲಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ.

ಬೀಜ ನಮ್ಮದಾದರೆ ಜಾತಿಯ ಆಯ್ಕೆಯೂ ನಮ್ಮದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಆದದ್ದೇನು? ಹಳ್ಳಿಗೆ ಸೌದೆ, ದನಕ್ಕೆ ಮೇವು ಎಂದು ಹೇಳಿ ಹಂಚಿದ್ದು ನೀಲಗಿರಿ ಸಸಿ. ಕೋಲಾರದ ರಾಗಿ ಹೊಲಗಳಲ್ಲಿ ಅದು ಎದ್ದು ನಿಂತಿತು, ಲಾರಿ ಹತ್ತಿ ಗಿರಣಿಗೆ ಹೋಯಿತು. ನೀಲಗಿರಿ ಕೂಳೆ ಬರುತ್ತದೆ, ಒಲೆಯಲ್ಲಿ ಉರಿಯುತ್ತದೆ, ಎರಡನ್ನೂ ಒಪ್ಪುತ್ತೇನೆ. ಆದರೆ ಏನು ನೆಡಬೇಕೆಂದು ತೀರ್ಮಾನಿಸಿದ್ದು ಸೌದೆ ಉರಿಸುವವರಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಈ ಕಾರಣಕ್ಕೇ ನನಗೆ ದೊಡ್ಡದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆಗೆ ಶಿವರಾಮ ಕಾರಂತರೂ ನಿಂತ ಹೋರಾಟ ಅದು. ಜನ ನೀಲಗಿರಿ ಸಸಿ ಕಿತ್ತರು, ಅದೇ ನೆಲದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಆ ಎರಡನೆಯ ಮಾತನ್ನು ನಾವು ಬೇಗ ಮರೆತೆವು. ನೀಲಗಿರಿಯನ್ನು ಬೈಯುವವರು ಇಂದಿಗೂ ಸಿಗುತ್ತಾರೆ, ಜಾಲಿ ಬೀಜ ಆಯ್ದಿಟ್ಟವರು ಸಿಗುವುದಿಲ್ಲ.

ಜಾಲಿಯ ಮಾತು ಬಂತಲ್ಲ, ಅದನ್ನೇ ಹೇಳುತ್ತೇನೆ. ಕರಿಜಾಲಿಯ ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ನೀರು ಒಳಗಿಳಿಯದೆ ತಿಂಗಳುಗಟ್ಟಲೆ ಮಲಗಿರುತ್ತದೆ. ಇದಕ್ಕೆ ಕುರಿಗಾಹಿಗಳ ಹಟ್ಟಿಯಲ್ಲೇ ಮದ್ದಿದೆ. ಬೇಸಿಗೆಯಲ್ಲಿ ಆಡು ಜಾಲಿಕಾಯಿ ಮೇಯುತ್ತದೆ. ರಾತ್ರಿ ಮೆಲುಕು ಹಾಕುವಾಗ ಒಂದಿಷ್ಟು ಬೀಜ ಉಗುಳುತ್ತದೆ, ಒಂದಿಷ್ಟು ಹಿಕ್ಕೆಯಲ್ಲಿ ಬೀಳುತ್ತದೆ. ಆಡಿನ ಹೊಟ್ಟೆಯಲ್ಲಿ ನೆನೆದ ಈ ಬೀಜ ಬೇಗ ಮೊಳೆಯುತ್ತದೆ. ಹಟ್ಟಿ ಗುಡಿಸುವವರನ್ನು ಕೇಳಿದರೆ ಒಂದು ಬೊಗಸೆ ಸಿಕ್ಕೇ ಸಿಗುತ್ತದೆ. ಆಡು ಹತ್ತಿರವಿಲ್ಲದವರು ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಬಿಡಲಿ. ಬೆಳಿಗ್ಗೆ ಉಬ್ಬಿದ್ದನ್ನು ಅಂದೇ ಬಿತ್ತಬೇಕು, ಉಬ್ಬದಿದ್ದಕ್ಕೆ ಮತ್ತೊಮ್ಮೆ ಬಿಸಿನೀರು.

ಬೇವಿಗೆ ಬಿಸಿನೀರು ಬೇಡ, ಅವಸರ ಬೇಕು. ಹಣ್ಣು ಉದುರಿದ ಎರಡು ಮೂರು ವಾರಗಳಲ್ಲಿ ಬೀಜದ ಜೀವ ಹೋಗುತ್ತದೆ. ಹಳದಿ ಹಣ್ಣಿನ ತಿರುಳು ಹಿಚುಕಿ ತೆಗೆದು, ಒಂದೆರಡು ಬೀಜ ಒಡೆದು ನೋಡಿ. ಒಳಗಿನ ಬೇಳೆ ಹಸಿರಾಗಿದ್ದರೆ ಬಿತ್ತಿ, ಹಳದಿಗೋ ಕಂದಿಗೋ ತಿರುಗಿದ್ದರೆ ಆ ರಾಶಿ ಬಿಟ್ಟುಬಿಡಿ. ಹೊಂಗೆಗೆ ಯಾವ ಉಪಚಾರವೂ ಬೇಡ: ಕಾಯಿ ಬಿಡಿಸಿ ನೆಲಕ್ಕಿಟ್ಟರೆ ಎರಡು ವಾರದಲ್ಲಿ ಮೊಳಕೆ. ಕಷ್ಟದ್ದು ದಿಂಡಿಗ. ಅದರ ಸೌದೆ ಬಹಳ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬೀಜದಲ್ಲಿ ಮಾತ್ರ ಹೆಚ್ಚಿನದು ಜೊಳ್ಳು. ಹಿಡಿಗಟ್ಟಲೆ ಬಿತ್ತಿ, ಬಂದಷ್ಟನ್ನು ಕಾಪಾಡಿಕೊಳ್ಳಬೇಕು.

ಬಿತ್ತುವುದೆಂದರೆ ಎಸೆಯುವುದಲ್ಲ. ಜೂನ್ ಬಂತೆಂದರೆ ಬೀಜದುಂಡೆ ಕಟ್ಟಿ ಗುಡ್ಡಕ್ಕೆ ಎಸೆಯುವ ಉತ್ಸವ ಶುರುವಾಗುತ್ತದೆ. ಮಕ್ಕಳ ಉತ್ಸಾಹದ ಬಗ್ಗೆ ನನಗೆ ಗೌರವವಿದೆ, ಆ ವಿಧಾನದ ಬಗ್ಗೆ ಇಲ್ಲ. ಹುಲ್ಲಿನ ಮೇಲೆ ಬಿದ್ದ ಬೀಜ ಮೊಳೆತರೂ ಅದರ ಬೇರು ಮಣ್ಣು ಹಿಡಿಯುವ ಮೊದಲೇ ಬಿಸಿಲು ಹಿಡಿಯುತ್ತದೆ. ಮರಕ್ಕೂ ಬೇಸಾಯ ಬೇಕು. ನಮ್ಮ ಹಿರಿಯರ ಅಕ್ಕಡಿ ಸಾಲು ಇರುವುದೇ ಅದಕ್ಕೆ: ರಾಗಿಯ ನಡುವೆ ಆರಡಿಗೊಂದು ಸಾಲು ಬಿಟ್ಟು, ಅದರಲ್ಲಿ ತೊಗರಿಯ ಜೊತೆಗೇ ಮರದ ಬೀಜವನ್ನೂ ಇಡಿ, ಒಂದೊಂದು ಕಡೆ ಮೂರು. ರಾಗಿಗೆ ಕುಂಟೆ ಹೊಡೆದಾಗ ಮೊಳಕೆಯ ಕಳೆಯೂ ಹೋಗುತ್ತದೆ. ರಾಗಿ ಕೊಯ್ದ ಮೇಲೂ ತೊಗರಿ ನಿಂತು ನೆರಳು ಕೊಡುತ್ತದೆ. ಮುಂದಿನ ಮಳೆಗೆ ಮೂರರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಂಡರಾಯಿತು.

ಇಲ್ಲೊಂದು ಎಚ್ಚರಿಕೆ. ಕಳೆ ಕೀಳುವವರಿಗೆ ಎರಡೆಲೆಯ ಮೊಳಕೆ ಯಾವುದು, ಕಳೆ ಯಾವುದು ಎಂದು ಗೊತ್ತಿರಬೇಕು. ಆರ್.ಎಸ್. ಟ್ರೂಪ್ ಭಾರತದ ಮರಗಳ ಬೆಳವಣಿಗೆಯ ಬಗ್ಗೆ 1921ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳು ಇಂದಿಗೂ ನನ್ನ ಮೇಜಿನ ಮೇಲಿರುವುದು ಅದಕ್ಕೇ. ಬೆಳೆದ ಮರದ ವರ್ಣನೆಗೆ ಎಷ್ಟೋ ಪುಸ್ತಕಗಳಿವೆ. ಟ್ರೂಪ್ ಮೊಳಕೆಯ ಮುಂದೆ ಕುಳಿತು ಬರೆದವರು. ಬೇರು ಹೇಗೆ ಇಳಿಯುತ್ತದೆ, ಮೊದಲ ಎಲೆ ಹೇಗಿರುತ್ತದೆ, ಆಮೇಲಿನದು ಹೇಗೆ ಬೇರೆಯಾಗುತ್ತದೆ ಎಂದು ಹಂತ ಹಂತವಾಗಿ ಚಿತ್ರ ಕೊಟ್ಟಿದ್ದಾರೆ. ಕರಿಜಾಲಿಯ ಮೊಳಕೆಯನ್ನು ಒಮ್ಮೆ ಹಾಗೆ ದಿಟ್ಟಿಸಿ ನೋಡಿದವರು ಅದನ್ನು ಹುಲ್ಲಿನ ಜೊತೆ ಕಿತ್ತುಹಾಕುವುದಿಲ್ಲ. ಕಳೆ ಕೀಳಲು ಬರುವವರಿಗೂ ಮೊದಲ ದಿನವೇ ತೋರಿಸಿಕೊಡಿ.

ಸರ್ವೆಯಂಥ ಸಣ್ಣ ಬೀಜದ ಮರಗಳಿಗೆ ಒಟ್ಟಲು ಪಾತಿ ಬೇಕೇ ಬೇಕು, ಅಲ್ಲಿ ನರ್ಸರಿಯವರ ಮಾತೇ ಸರಿ. ಮಿಕ್ಕಿದ್ದಕ್ಕೆಲ್ಲ ಊರ ಮರಗಳ ಬುಡದಲ್ಲೇ ಬಿತ್ತನೆ ಬಿದ್ದಿದೆ. ಬೇವಿನ ಹಣ್ಣಿಗೆ ಇನ್ನೂ ಕೆಲವು ವಾರ ಸಮಯವಿದೆ. ಹೊಂಗೆ ಕಾಯಿಗೆ ಅಷ್ಟಿಲ್ಲ: ಎಣ್ಣೆಗೆಂದು ಕೊಳ್ಳುವ ವ್ಯಾಪಾರಿ ಚೀಲ ಹಿಡಿದು ಬರುವ ಮೊದಲು ಐದು ಗುಂಟೆಗೆ ಬೇಕಾದಷ್ಟನ್ನು ಆರಿಸಿಟ್ಟುಕೊಳ್ಳಿ.